ಕುಟ್ಟದಿಂದ ಹೊರದೇಶಕ್ಕೆ: ಅಧ್ಯಯನ ತಂಡದಲ್ಲಿ ಮೊದಲ ಸಲ ಹೊರಡುವವರಿಗೆ

ಅಧ್ಯಯನ ತಂಡದ ಜೊತೆ ಹೊರದೇಶಕ್ಕೆ ಹೋಗಿಬಂದ ವಿದ್ಯಾರ್ಥಿಗಳು ಬರೆಯುವ ವರದಿಗಳಲ್ಲಿ ಮೂರು ವಾಕ್ಯ ತಪ್ಪದೆ ಇರುತ್ತವೆ. ಅಲ್ಲಿ ರಸ್ತೆಗಳು ಸ್ವಚ್ಛ. ಅಲ್ಲಿನ ಜನ ಶಿಸ್ತಿನವರು. ಅಲ್ಲಿ ರೈಲು ಹೇಳಿದ ಸಮಯಕ್ಕೆ ಬರುತ್ತದೆ. ಮೂರೂ ನಿಜವೇ ಇರಬಹುದು. ಆದರೆ ಇವನ್ನು ಬರೆಯಲು ವಿಮಾನ ಹತ್ತಬೇಕಾಗಿಲ್ಲ. ಮನೆಯಲ್ಲಿ ಮೊಬೈಲ್ ಹಿಡಿದು ಕುಳಿತರೂ ಬರೆಯಬಹುದು. ಹಾಗಾದರೆ ಹೋಗಿ ಬಂದವರು ಏನು ಬರೆಯಬೇಕು, ಅದಕ್ಕೆ ಮೊದಲು ಏನು ನೋಡಬೇಕು, ಅದಕ್ಕೂ ಮೊದಲು ಊರಿನಲ್ಲಿ ಏನು ತಿಳಿದುಕೊಂಡು ಹೊರಡಬೇಕು ಎಂಬುದೇ ಈ ಪಾಠ. ಕೊಡಗಿನ ಕುಟ್ಟ, ಶ್ರೀಮಂಗಲ, ಬಿರುನಾಣಿ, ಟಿ. ಶೆಟ್ಟಿಗೇರಿ ಕಡೆಯ ಶಾಲೆಗಳಲ್ಲಿ ಓದುವ, ಮನೆಯಲ್ಲಿ ಯಾರೂ ಪಾಸ್‌ಪೋರ್ಟ್ ಮಾಡಿಸಿರದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉಳಿದವರೂ ಓದಬಹುದು.

"ನಮ್ಮಂಥವರಿಗೆ ಹೊರದೇಶ ಎಲ್ಲಿಂದ ಬರಬೇಕು ಸಾರ್" ಎನ್ನುವವರಿಗೆ ಮೊದಲ ಉತ್ತರ ಇದು. ಜಪಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 2014ರಲ್ಲಿ ಸಕುರ ವಿಜ್ಞಾನ ಕಾರ್ಯಕ್ರಮ ಎಂಬುದನ್ನು ಶುರುಮಾಡಿತು. ಬೇರೆ ದೇಶಗಳ ಎಳೆಯರನ್ನು ಕೆಲವು ದಿನಗಳ ಮಟ್ಟಿಗೆ ಕರೆಸಿಕೊಂಡು ಪ್ರಯೋಗಾಲಯ, ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯಗಳನ್ನು ತೋರಿಸುವ ಏರ್ಪಾಡು ಅದು. ಭಾರತ 2016ರಲ್ಲಿ ಅದಕ್ಕೆ ಸೇರಿತು. ನಮ್ಮ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ರಾಷ್ಟ್ರಮಟ್ಟಕ್ಕೆ ಏರಿದ ಮಕ್ಕಳು ಈ ದಾರಿಯಲ್ಲಿ ಜಪಾನ್ ನೋಡಿ ಬಂದಿದ್ದಾರೆ. ಮಾನಕ್‌ಗೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ಒಂದು ಸ್ವಂತ ಯೋಚನೆ. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ; ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲುಗಳು. ಕಾಲೇಜು ಮುಗಿಸಿ ಹೊರಗೆ ಓದಲು ಹೋಗಬಯಸುವ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ವಿದ್ಯಾರ್ಥಿವೇತನವೂ ಇದೆ. ಹಾಡಿಯ ಮಕ್ಕಳು ಇದನ್ನು ಬೇರೆಯವರ ವಿಷಯ ಎಂದು ಬಿಟ್ಟುಬಿಡಬಾರದು.

ಕಾಗದಪತ್ರದ ಮಾತನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನದು, 2017ರ ಜನವರಿಯಲ್ಲಿ ಶುರುವಾದದ್ದು. ಹದಿನೆಂಟು ತುಂಬದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 5 ವರ್ಷದ ಆಯುಷ್ಯ, ಅರ್ಜಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ನಮ್ಮ ಕಡೆ ಮುಖ್ಯ ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ಎರಡು ಮೂರು ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು ಪೂರ್ತಿ, ಅಂಕಪಟ್ಟಿಯಲ್ಲಿ ಇನ್ನೊಂದು ಕಾಗುಣಿತ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಆದ್ದರಿಂದ ಪ್ರವಾಸದ ಸುದ್ದಿ ಬರುವ ಮೊದಲೇ ಮೂರನ್ನೂ ಒಂದು ಮಾಡಿಸಿಕೊಳ್ಳಿ. ಜನನ ಪ್ರಮಾಣಪತ್ರ ಇಲ್ಲದವರು ಕೈಚೆಲ್ಲಬೇಡಿ. ಅದು ಕಡ್ಡಾಯವಾಗಿರುವುದು 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ. ಅದಕ್ಕೂ ಹಿಂದೆ ಹುಟ್ಟಿದವರಿಗೆ ಶಾಲೆಯ ವರ್ಗಾವಣೆ ಪತ್ರವೂ ಆಗುತ್ತದೆ.

ಇನ್ನು ಚೀಲ. ಅಮ್ಮಂದಿರು ತುಂಬಿಸುವುದರಲ್ಲಿ ಅರ್ಧವನ್ನು ಹೊರಗೆ ತೆಗೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಪಂದಿ ಉಪ್ಪಿನಕಾಯಿ ಜಪಾನಿಗೆ ಹೋಗುವಂತಿಲ್ಲ. ಪ್ರಮಾಣಪತ್ರವಿಲ್ಲದ ಮಾಂಸದ ಪದಾರ್ಥಕ್ಕೆ ಅಲ್ಲಿ ಪ್ರವೇಶವಿಲ್ಲ. ತೋಟದ ಕಿತ್ತಳೆ, ಹಸಿ ಕರಿಮೆಣಸು, ಮಣ್ಣಂಟಿದ ಗಿಡ ಬೇಡವೇ ಬೇಡ. ಕಾಚಂಪುಳಿಯ ಬಾಟಲಿ 100 ಮಿ.ಲೀ.ಗಿಂತ ದೊಡ್ಡದಾದರೆ ಕೈಚೀಲದಲ್ಲಿ ಹಾಕುವಂತಿಲ್ಲ, ತಪಾಸಣೆಯಲ್ಲಿ ಅದು ಡಬ್ಬಿಗೆ ಬೀಳುತ್ತದೆ. ಹುರಿದು ಪುಡಿಮಾಡಿದ ಕಾಫಿ ಒಯ್ಯಿರಿ. ಅತಿಥೇಯರ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ಸಸ್ಯಾಹಾರಿ ಗೆಳೆಯರಿಗೆ ಒಂದು ಮಾತು: ಜಪಾನಿನ ಸಾರು, ಸಾಸ್‌ಗಳಲ್ಲಿ ಕಣ್ಣಿಗೆ ಬೀಳದ ಮೀನು ಇರುತ್ತದೆ, ಒಣಮೀನಿನ ತಿಳಿಯೇ ಅಲ್ಲಿನ ಅಡುಗೆಗೆ ಬುನಾದಿ. ಮೊದಲೇ ತಿಳಿಸಿ, ಚಟ್ನಿಪುಡಿ ಜೊತೆಗಿರಲಿ.

ಗಡಿ ದಾಟುವ ಭಯ ಮಾತ್ರ ಕುಟ್ಟದ ಮಕ್ಕಳಿಗೆ ಇರಬಾರದು. ನಮ್ಮ ಊರೇ ಗಡಿ. ಪೇಟೆಯಿಂದ ಸ್ವಲ್ಪ ದೂರ ಹೋದರೆ ತೋಲ್ಪೆಟ್ಟಿ, ಆಚೆ ವಯನಾಡು. ಬಂಡೀಪುರದಲ್ಲಿ 2009ರಿಂದ ರಾತ್ರಿ ವಾಹನ ಸಂಚಾರ ನಿಂತ ಮೇಲೆ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯ ದಾರಿಯೇ ಬದಲಿ ದಾರಿ. ಕೇರಳದ ವಾಹನಗಳ ಸದ್ದು ಇಲ್ಲಿ ರಾತ್ರಿಯೂ ಕೇಳುತ್ತದೆ. ಕೋವಿಡ್ ಕಾಲದಲ್ಲಿ ಈ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಪರೀಕ್ಷೆಯ ವರದಿ ತೋರಿಸಿ ದಾಟಿದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ. ವಿಮಾನ ನಿಲ್ದಾಣದ ವಲಸೆ ಕೌಂಟರ್‌ನಲ್ಲಿ ನಡೆಯುವುದೂ ಇಷ್ಟೇ: ಕಾಗದ ಕೊಡಿ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿ, ಮುಂದೆ ನಡೆಯಿರಿ. ಭಾಷೆಯ ವಿಷಯಕ್ಕೆ ಬಂದರೂ ನೀವು ದೊಡ್ಡ ನಗರದ ಮಕ್ಕಳಿಗಿಂತ ಮುಂದಿದ್ದೀರಿ. ಕುಟ್ಟದ ಸಂತೆಯಲ್ಲಿ ನಿಂತರೆ ಕೊಡವ ತಕ್ಕ್, ಕನ್ನಡ, ಮಲಯಾಳ, ಯರವರ ಮಾತು, ಕುರುಬರ ಮಾತು, ತಮಿಳು, ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಹಿಂದಿ ಎಲ್ಲ ಕಿವಿಗೆ ಬೀಳುತ್ತವೆ. ಅರ್ಧ ಅರ್ಥವಾದ ಮಾತಿನಲ್ಲೇ ಕೆಲಸ ಸಾಗಿಸುವುದು ನಿಮಗೆ ಹುಟ್ಟಿನಿಂದ ಬಂದಿದೆ. ಇಂಗ್ಲಿಷ್ ತಡವರಿಸಿದರೆ ನಾಚಬೇಡಿ. ಟೋಕಿಯೊದ ಅಂಗಡಿಯವರದೂ ತಡವರಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೋಡುವುದು ಹೇಗೆ?

ಕುಟ್ಟಕ್ಕೆ ಬರುವ ಪ್ರವಾಸಿಯನ್ನು ಒಮ್ಮೆ ನೆನೆಯಿರಿ. ಶನಿವಾರ ಬರುತ್ತಾನೆ, ಹೋಂಸ್ಟೇಯಲ್ಲಿ ಇಳಿಯುತ್ತಾನೆ, ನಾಣಚ್ಚಿ ಗೇಟಿನಿಂದ ನಾಗರಹೊಳೆಯ ಸಫಾರಿಗೆ ಹೋಗುತ್ತಾನೆ, ಇರ್ಪು ಜಲಪಾತದಲ್ಲಿ ನೀರಿಗಿಳಿಯುತ್ತಾನೆ, ಪಂದಿಕರಿ ಕಡುಂಬುಟ್ಟು ತಿಂದು ಭಾನುವಾರ ಸಂಜೆ ಹೊರಡುತ್ತಾನೆ. ಅವನ ಫೋನಿನಲ್ಲಿ ಆನೆಯ ಚಿತ್ರವಿದೆ. ಆದರೆ ಅದೇ ಆನೆ ಇನ್ನೊಂದು ರಾತ್ರಿ ತೋಟಕ್ಕೆ ಇಳಿದಾಗ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಲೈನ್‌ಮನೆಯಲ್ಲಿ ಯಾರಿದ್ದಾರೆ, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ಗೊತ್ತಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಪೇಟೆಯ ಮುಖವೇ ಬೇರೆಯಾಗುವುದು ಗೊತ್ತಿಲ್ಲ. ಅವನು ಸುಳ್ಳು ಹೇಳುವುದಿಲ್ಲ. "ಕುಟ್ಟ ಸ್ವರ್ಗ" ಎಂದು ನಂಬಿಯೇ ಹೇಳುತ್ತಾನೆ. ನಾವು ನಗುತ್ತೇವೆ. ಹೊರದೇಶದಲ್ಲಿ ಒಂದು ವಾರ ಇರುವ ನಾವು ಅಲ್ಲಿಯವರಿಗೆ ಇದೇ ಶನಿವಾರದ ಪ್ರವಾಸಿ. ಇದನ್ನು ಒಪ್ಪಿಕೊಂಡು ಹೊರಟವರ ನೋಟ್‌ಬುಕ್ ಚೆನ್ನಾಗಿರುತ್ತದೆ. ನನ್ನ ಮಟ್ಟಿಗೆ ಈ ಪಾಠದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಒಂದು ಉದಾಹರಣೆ ಹಿಡಿದು ನಿಧಾನವಾಗಿ ಮಾಡಿ ನೋಡೋಣ. "ಟೋಕಿಯೊ ಬೀದಿ ಸ್ವಚ್ಛ" ಎಂದು ಬರೆದಿದ್ದೀರಿ. ಅಲ್ಲಿಗೆ ನಿಲ್ಲಿಸಬೇಡಿ. ಚಾಕೊಲೇಟ್ ತಿಂದು ಕಾಗದ ಎಸೆಯಲು ಕಸದ ಡಬ್ಬಿ ಹುಡುಕಿ. ಸಿಗುವುದು ಕಷ್ಟ. ಇದು ವಿಚಿತ್ರವಲ್ಲವೇ? ಡಬ್ಬಿ ಹೆಚ್ಚು ಇದ್ದಷ್ಟೂ ಊರು ಸ್ವಚ್ಛ ಎಂದು ನಾವು ಅಂದುಕೊಂಡಿದ್ದೆವು. ಕಾರಣ ಕೇಳಿದರೆ 1995ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಮಾರ್ಚಿನಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಒಂದು ಪಂಥದವರು ಸರಿನ್ ಎಂಬ ವಿಷಾನಿಲ ಬಿಟ್ಟು ಜನರನ್ನು ಕೊಂದರು. ಆಮೇಲೆ ಭದ್ರತೆಗಾಗಿ ಸಾರ್ವಜನಿಕ ಸ್ಥಳಗಳ ಡಬ್ಬಿಗಳನ್ನು ತೆಗೆಯುತ್ತ ಬಂದರು. ಜನ ಕಸವನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯತೊಡಗಿದರು. ಮನೆಯಲ್ಲಿ ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಬಾಟಲಿಗೆ ಇನ್ನೊಂದು ದಿನ. ಬೆಳಿಗ್ಗೆ ಬೀದಿಯ ಮೂಲೆಯಲ್ಲಿ ಚೀಲಗಳ ಮೇಲೆ ಬಲೆ ಹೊದಿಸಿರುವುದನ್ನು ನೋಡುತ್ತೀರಿ. ಅದು ಕಾಗೆಗಳಿಗಾಗಿ; ಟೋಕಿಯೊದ ಕಾಗೆಯೂ ನಮ್ಮ ಕಾಗೆಯಷ್ಟೇ ಜಾಣ. ಶಾಲೆಗೆ ಹೋದರೆ ಮಕ್ಕಳೇ ದಿನವೂ ತರಗತಿ ಗುಡಿಸಿ ಒರೆಸುವುದು ಕಾಣುತ್ತದೆ.

ನೋಡಿ, "ಸ್ವಚ್ಛ" ಎಂಬ ಒಂದು ಪದದ ಕೆಳಗೆ ಒಂದು ದುರಂತ, ಒಂದು ವೇಳಾಪಟ್ಟಿ, ಒಂದು ಬಲೆ, ಒಂದು ಪೊರಕೆ ಎಲ್ಲ ಸಿಕ್ಕಿತು. ಇಲ್ಲಿಗೂ ಮುಗಿಯಲಿಲ್ಲ. ಪುಟದ ಎದುರು ಬದಿಯಲ್ಲಿ ನಿಮ್ಮ ಊರಿನ ಪ್ರಶ್ನೆ ಬರೆಯಿರಿ: ಇರ್ಪುವಿಗೆ ಬಂದವರು ಬಿಟ್ಟುಹೋದ ನೀರಿನ ಬಾಟಲಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಅದನ್ನು ಎತ್ತುವವರು ಯಾರು, ಅವರಿಗೆ ಯಾರು ಕೂಲಿ ಕೊಡುತ್ತಾರೆ? ಇರ್ಪುವಿನ ಲಕ್ಷ್ಮಣತೀರ್ಥ ಹುಣಸೂರಿನ ಮೇಲೆ ಹಾದು ಕನ್ನಂಬಾಡಿಯ ನೀರಿಗೆ ಸೇರುವ ಹೊಳೆ. ಉತ್ತರ ಗೊತ್ತಿಲ್ಲದಿದ್ದರೆ ಬಂದ ಮೇಲೆ ಪಂಚಾಯಿತಿಗೆ ಹೋಗಿ ಕೇಳಿ. ಹೊರದೇಶದ ಪ್ರವಾಸದ ಅರ್ಧ ಕೆಲಸ ಊರಿನಲ್ಲೇ ಇದೆ.

ಕಾಫಿ ತೋಟದ ಮಕ್ಕಳಿಗೆ ಇನ್ನೊಂದು ದಾರಿ ಉಂಟು. ಕುಟ್ಟದ ಕಡೆ ಹೆಚ್ಚಾಗಿ ರೋಬಸ್ಟಾ. ಕಣದಲ್ಲಿ ಒಣಗಿದ ಚೆರ್ರಿಯನ್ನು 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುತ್ತೇವೆ, ಔಟ್‌ಟರ್ನ್ ನೋಡಿ ಬೆಲೆ ಹೇಳುತ್ತಾರೆ. ಆ ಬೆಲೆಯ ಬೇರು ಲಂಡನ್ನಿನಲ್ಲಿದೆ. ಪ್ರಪಂಚದ ರೋಬಸ್ಟಾ ವಾಯಿದೆ ವ್ಯಾಪಾರ ನಡೆಯುವುದು ಅಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ನಮ್ಮಲ್ಲಿ ಹೊಸ ಜೀಪುಗಳು ಬಂದವು. ಆ ಏರಿಕೆಗೆ ಒಂದು ದೊಡ್ಡ ಕಾರಣ ವಿಯೆಟ್ನಾಮಿನ ಬರ. ಪ್ರಪಂಚದಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ ಅದು. ಅಲ್ಲಿಯ ಒಬ್ಬ ರೈತನ ಬಾವಿ ಬತ್ತಿದ್ದಕ್ಕೂ ಇಲ್ಲಿ ನಮ್ಮ ಚೀಲಕ್ಕೆ ಬೆಲೆ ಬಂದದ್ದಕ್ಕೂ ಸಂಬಂಧವಿದೆ ಎಂದ ಮೇಲೆ ಅಲ್ಲಿಗೆ ಹೋಗುವ ತಂಡ ಏನು ಕೇಳಬೇಕು? ಅಲ್ಲಿ ಬಹುಪಾಲು ತೋಟಗಳಿಗೆ ನೆರಳೇ ಇಲ್ಲ, ಬಿಸಿಲಿನಲ್ಲಿ ನೀರು ಕೊಟ್ಟು ಬೆಳೆಯುತ್ತಾರೆ, ಎಕರೆಗೆ ಇಳುವರಿ ನಮಗಿಂತ ಹೆಚ್ಚು. ನಮ್ಮಲ್ಲಿ ಅತ್ತಿ, ಹಲಸು, ನಂದಿ, ಸಿಲ್ವರ್ ಓಕ್ ಕೆಳಗೆ ಕಾಫಿ, ಮರಕ್ಕೆ ಮೆಣಸಿನ ಬಳ್ಳಿ. ಯಾವುದು ಲಾಭ, ಯಾವುದು ಬಾಳಿಕೆ ಎಂದು ಅಲ್ಲೇ ತೀರ್ಪು ಕೊಡಬೇಡಿ. ಮಳೆ ತಪ್ಪಿದ ವರ್ಷ ಅವರೇನು ಮಾಡಿದರು, ಕೊಳವೆಬಾವಿ ಎಷ್ಟು ಆಳಕ್ಕೆ ಹೋಗಿದೆ, ಕೊಯ್ಲಿಗೆ ಆಳು ಎಲ್ಲಿಂದ ಬರುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಆದರೆ ಇವನ್ನು ಕೇಳಬೇಕಾದರೆ ನಿಮ್ಮ ತೋಟದ ಉತ್ತರ ನಿಮಗೆ ಗೊತ್ತಿರಬೇಕು. "ನಿಮ್ಮಲ್ಲಿ ಹೇಗೆ" ಎಂದು ಅವರು ತಿರುಗಿ ಕೇಳಿಯೇ ಕೇಳುತ್ತಾರೆ. ಆಗ "ಅಪ್ಪನನ್ನು ಕೇಳಬೇಕು" ಎಂದರೆ ಮಾತು ಅಲ್ಲಿಗೆ ಮುಗಿಯಿತು. ಹೊರಡುವ ಮೊದಲು ಒಂದು ಸಂಜೆ ಅಪ್ಪನ ಜೊತೆ, ಒಂದು ಸಂಜೆ ಲೈನ್‌ಮನೆಯ ಹಿರಿಯರ ಜೊತೆ ಕುಳಿತು ಲೆಕ್ಕ ಕೇಳಿಕೊಳ್ಳಿ.

ತಂಡದ ಬಗ್ಗೆ ಎರಡು ಮಾತು. ತಂಡ ಧೈರ್ಯ ಕೊಡುತ್ತದೆ, ಹಾಗೆಯೇ ಕಣ್ಣನ್ನೂ ಮುಚ್ಚುತ್ತದೆ. ಇಪ್ಪತ್ತು ಜನ ಸೇರಿದರೆ ಬಸ್ಸಿನಲ್ಲಿ ಕನ್ನಡದ ಹಾಡು, ಊಟದಲ್ಲಿ ನಮ್ಮನಮ್ಮಲ್ಲೇ ಮಾತು. ಊರನ್ನೇ ಹೊತ್ತುಕೊಂಡು ಹೋಗಿ ಹಾಗೇ ಇಳಿಸಿಕೊಂಡು ಬಂದಂತೆ ಆಗುತ್ತದೆ. ನಾನು ಶಿಕ್ಷಕರಿಗೆ ಹೇಳುವುದು ಕೆಲಸ ಹಂಚಿ ಎಂದು. ಒಬ್ಬರಿಗೆ ನೀರು, ಒಬ್ಬರಿಗೆ ಶಾಲೆ, ಒಬ್ಬರಿಗೆ ಬಸ್ಸು ರೈಲು, ಒಬ್ಬರಿಗೆ ಅಂಗಡಿಯ ಬೆಲೆಗಳು, ಒಬ್ಬರಿಗೆ ಮುದುಕರು. ಹೌದು, ಮುದುಕರು. ಅವರು ಹಗಲಿನಲ್ಲಿ ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ನೋಡಿದರೆ ಒಂದು ದೇಶದ ಬಗ್ಗೆ ಬಹಳ ತಿಳಿಯುತ್ತದೆ. ಜಪಾನಿನಂಥ ಮುಪ್ಪಿನ ದೇಶದಲ್ಲಂತೂ ಇನ್ನೂ ಹೆಚ್ಚು. ರಾತ್ರಿ ಅರ್ಧ ಗಂಟೆ ಎಲ್ಲರೂ ಕುಳಿತು ಒಬ್ಬೊಬ್ಬರು ಕಂಡದ್ದನ್ನು ಹೇಳಲಿ. ಇನ್ನೊಂದು ಎಚ್ಚರ: ಕರೆದವರು ಒಳ್ಳೆಯದನ್ನೇ ತೋರಿಸುತ್ತಾರೆ. ಅದು ಮೋಸವಲ್ಲ, ಮರ್ಯಾದೆ. ನಮ್ಮ ಮನೆಗೆ ನೆಂಟರು ಬಂದಾಗ ನಾವೂ ಹಿಂದಿನ ಕೋಣೆಯ ಬಾಗಿಲು ಹಾಕುತ್ತೇವೆ. ಬಾಗಿಲನ್ನು ತಳ್ಳಬೇಡಿ. ಹಾಕಿದೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿದರೆ ಸಾಕು.

ವಿದ್ಯಾರ್ಥಿಗಳು ತಂಡವಾಗಿ ಪರದೇಶಕ್ಕೆ ಹೋಗಿ ಕಲಿಯುವುದನ್ನು ನೋಡಲು ನಮಗೆ ದೂರ ಹೋಗಬೇಕಿಲ್ಲ. ವಯನಾಡಿನ ಆಚೆ ನೀಲಗಿರಿಯ ಕೋತಗಿರಿಯಲ್ಲಿ ಕೀಸ್ಟೋನ್ ಎಂಬ ಸಂಸ್ಥೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆ ಸೇರಿ ಒಂದು ಕಲಿಕಾ ಕೇಂದ್ರ ನಡೆಸಿದೆ. ಕಾರ್ನೆಲ್‌ನಿಂದ ಬಂದವರು ನೀಲಗಿರಿಯ ಬುಡಕಟ್ಟು ಸಮುದಾಯಗಳ ಯುವಕ ಯುವತಿಯರ ಜೊತೆ ಒಂದೇ ತರಗತಿಯಲ್ಲಿ ಕುಳಿತು, ಜೊತೆಯಾಗಿ ಹಳ್ಳಿಗಳಿಗೆ ಹೋಗಿ ಕೆಲಸ ಮಾಡುತ್ತಾರೆ. ಇಲ್ಲಿ ಸ್ಥಳೀಯರು ಬರೀ ಮಾಹಿತಿ ಕೊಡುವವರಲ್ಲ, ಸಹಪಾಠಿಗಳು. ನನಗೆ ಬಹಳ ಹಿಡಿಸಿದ ಪದ್ಧತಿ ಇದು. ನೀವು ಹೋದ ಕಡೆಯೂ ಒಬ್ಬ ಸಹಪಾಠಿಯನ್ನು ಹುಡುಕಿಕೊಳ್ಳಿ. ಹತ್ತು ಉಪನ್ಯಾಸಗಳು ಹೇಳದ್ದನ್ನು ನಿಮ್ಮದೇ ವಯಸ್ಸಿನ ಒಬ್ಬ ಹುಡುಗಿ ಬಸ್ಸಿಗೆ ಕಾಯುವಾಗ ಹೇಳುತ್ತಾಳೆ.

ಬರೆಯುವುದು ಯಾವಾಗ? ಮೂರು ಸಲ. ಕಂಡ ಕೂಡಲೇ ಹೆಸರು, ಬೆಲೆ, ಸಮಯ, ಅಳತೆ ಮಾತ್ರ. ನಿಂತಲ್ಲೇ, ಎರಡು ಸಾಲು. ಅದೇ ರಾತ್ರಿ ನಡೆದ ಸಂಗತಿ, ನಿದ್ದೆ ಬರುತ್ತಿದ್ದರೂ. ಕುಟ್ಟದಲ್ಲಿ ಆರು ಗಂಟೆಯಾದಾಗ ಜಪಾನಿನಲ್ಲಿ ಒಂಬತ್ತೂವರೆ, ಆದ್ದರಿಂದ ಮನೆಗೆ ಫೋನ್ ಮಾಡಿ ಮುಗಿಸಿ ಆಮೇಲೆ ಬರೆಯುತ್ತೇನೆ ಎಂದರೆ ಬರೆಯುವುದು ಉಳಿದೇ ಹೋಗುತ್ತದೆ. ಮೂರನೆಯದು, ಅಂದರೆ ಆಲೋಚನೆ, ಊರಿಗೆ ಬಂದು ಕೆಲವು ವಾರ ಕಳೆದ ಮೇಲೆ. ಅಲ್ಲೇ ಆಲೋಚನೆ ಬರೆಯಲು ಹೋದವರು "ಅದ್ಭುತ" ಎಂದು ಬರೆಯುತ್ತಾರೆ. ಆ ಪದವನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತೇನೆ, ಮುಲಾಜಿಲ್ಲ. ಏನನ್ನೂ ಹೋಲಿಸದೆ, ಎಣಿಸದೆ, ಕೇಳದೆ ಬಂದವರಿಗೆ ಅದು ಆಸರೆ.

ಹೇಗೆ ಬರೆಯಬೇಕೆಂದು ಕಲಿಯಲು ಕನ್ನಡದಲ್ಲೇ ಪುಸ್ತಕಗಳಿವೆ. ವಿ.ಕೃ. ಗೋಕಾಕರು 1936ರಿಂದ 38ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. ಅವರ ‘ಸಮುದ್ರದಾಚೆಯಿಂದ’ ಹುಡುಕಿ ಓದಿ. ‘ಸಮುದ್ರ ಗೀತೆಗಳು’ ಹುಟ್ಟಿದ್ದೂ ಆ ಹಡಗಿನ ಪಯಣದಿಂದ. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ನಗಿಸುತ್ತ ನೋಡಲು ಕಲಿಸುತ್ತದೆ, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಹೆಣ್ಣುಮಕ್ಕಳು ಓದಲೇಬೇಕು, ಗಂಡುಮಕ್ಕಳೂ ಓದಿದರೆ ನಷ್ಟವಿಲ್ಲ. ನಮ್ಮ ನಾಡನ್ನು ಹೊರಗಿನವರು ಹೇಗೆ ಕಂಡರು ಎಂಬುದಕ್ಕೆ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಿವೆ. 1800ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣು, ನೇಗಿಲು, ಕೂಲಿ, ಎತ್ತಿನ ಬೆಲೆ ಯಾವುದನ್ನೂ ಬಿಡದೆ ಬರೆದುಕೊಂಡ. ಅವನು ಕಂಪನಿ ಸರ್ಕಾರದ ಕೆಲಸಕ್ಕೆ ಬಂದವನು, ಅವನ ಉದ್ದೇಶ ನಮಗೆ ಬೇಡ, ಶ್ರದ್ಧೆ ಬೇಕು. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದರು. 1920ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತದ ಪುನರ್‌ನಿರ್ಮಾಣದ ಪುಸ್ತಕದಲ್ಲಿ ಬೇರೆ ದೇಶಗಳ ಅಂಕಿಗಳನ್ನು ನಮ್ಮ ಅಂಕಿಗಳ ಪಕ್ಕದಲ್ಲಿ ಇಟ್ಟು ಮಾತಾಡುತ್ತಾರೆ. ಹೊಗಳಿಕೆಯೂ ಇಲ್ಲ, ಕೀಳರಿಮೆಯೂ ಇಲ್ಲ.

ನೀವೇ ಬರೆಯಿರಿ ಎಂದು ಇಷ್ಟು ಒತ್ತಾಯ ಮಾಡುವುದಕ್ಕೆ ಕೊಡಗಿನದೇ ಒಂದು ಕಾರಣವಿದೆ. 1834ರಲ್ಲಿ ಪದಚ್ಯುತನಾಗಿ ಕಾಶಿಗೆ ಹೋದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಮಗಳು ಗೌರಮ್ಮನನ್ನೂ ಕರೆದುಕೊಂಡು ಹೋದ. ಅವಳಿಗೆ ಸುಮಾರು ಹನ್ನೊಂದು ವರ್ಷ. ಆ ವರ್ಷವೇ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರ ಅವಳ ಚಿತ್ರ ಬರೆದ. 1864ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಮೊದಲೇ, ಅಲ್ಲೇ ತೀರಿಕೊಂಡಳು. ಅವಳು ಹೇಗಿದ್ದಳು, ಏನು ಉಡುತ್ತಿದ್ದಳು ಎಂದು ನಮಗೆ ತಿಳಿಯುವುದು ಬಹುಪಾಲು ರಾಣಿಯ ದಿನಚರಿಯಿಂದ, ಆಂಗ್ಲ ಮಹಿಳೆಯರ ನೆನಪುಗಳಿಂದ, ಆ ಚಿತ್ರದಿಂದ. ಲಂಡನ್ನಿನ ಮೊದಲ ಚಳಿ ಆ ಹುಡುಗಿಗೆ ಹೇಗನಿಸಿತು, ಅಲ್ಲಿನ ಊಟ ರುಚಿಸಿತೇ, ಯಾರ ನೆನಪಾಗುತ್ತಿತ್ತು ಎಂಬುದು ಆ ಬರಹಗಳಲ್ಲಿ ಸಿಗುವುದಿಲ್ಲ. ಕೊಡಗಿನ ಕಾಫಿ ಬೆಳೆಗಾರರೇ ಆದ ಸಿ.ಪಿ. ಬೆಳ್ಳಿಯಪ್ಪನವರು ಅವಳ ಕಥೆಯನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದಿದ್ದಾರೆ, ಓದಿ ನೋಡಿ.

ಕೊನೆಯದಾಗಿ ಒಂದು ಕೆಲಸ. ಇನ್‌ಸ್ಪೈರ್ ಮಾನಕ್‌ಗೆ ಪ್ರತಿ ಶಾಲೆಯೂ ವರ್ಷಕ್ಕೆ 5 ಯೋಚನೆಗಳನ್ನು ಕಳಿಸಬಹುದು. ನಿಮ್ಮ ಶಾಲೆಯಿಂದ ಈ ವರ್ಷ ಎಷ್ಟು ಹೋಗಿವೆ ಎಂದು ನಾಳೆಯೇ ಮುಖ್ಯೋಪಾಧ್ಯಾಯರನ್ನು ಕೇಳಿ. ಐದಕ್ಕಿಂತ ಕಡಿಮೆ ಎಂದರೆ ಒಂದು ಜಾಗ ನಿಮ್ಮದೇ.